ಬಾಣಲೆಯ ಮುಂದೆ ನಿಲ್ಲುವವರು ಯಾರು?

ಹುಬ್ಬಳ್ಳಿ ಕಡೆಯ ರೈಲು ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತಾಗ, ಇಳಿಯುವವರಲ್ಲಿ ಒಬ್ಬಿಬ್ಬರ ಕೈಚೀಲದಲ್ಲಾದರೂ ಧಾರವಾಡ ಪೇಡೆಯ ಪೊಟ್ಟಣ ಇರುತ್ತಿತ್ತು. ನಿಲ್ದಾಣದ ರಸ್ತೆಯಲ್ಲಿ ಕೋಡುಬಳೆ, ಚಕ್ಕುಲಿ, ಕೊಬ್ಬರಿ ಮಿಠಾಯಿ ಮಾರುತ್ತಿದ್ದ ನನ್ನ ತಂದೆ ವರ್ಷಕ್ಕೊಮ್ಮೆ ಅದನ್ನು ತರಿಸುತ್ತಿದ್ದರು. ಒಂದನ್ನು ಮುರಿದು, ಬಣ್ಣ ನೋಡಿ, ‘ಹದ ಅಂದ್ರೆ ಇದು’ ಎನ್ನುತ್ತಿದ್ದರು. ಸಹಕಸುಬುದಾರನಿಗೆ ಸಲ್ಲಿಸುವ ಗೌರವ ಅದು.

ಆ ಹದದ ಹಿಂದೆ ಒಂದು ವಲಸೆಯ ಕಥೆಯಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಲೇಗಿಗೆ ಅಂಜಿ ಉತ್ತರ ಪ್ರದೇಶದ ಉನ್ನಾವದಿಂದ ಧಾರವಾಡಕ್ಕೆ ಬಂದ ರಾಮರತನ್ ಸಿಂಗ್ ಠಾಕೂರ್, ಹೊಟ್ಟೆಪಾಡಿಗಾಗಿ ಪೇಡೆ ಮಾಡತೊಡಗಿದರಂತೆ. ಮೊಮ್ಮಗ ಬಾಬುಸಿಂಗ್ ಠಾಕೂರರ ಕಾಲಕ್ಕೆ ಅದು ‘ಲೈನ್ ಬಜಾರ್ ಪೇಡೆ’ಯಾಯಿತು. ಓಣಿಯ ಹೆಸರೇ ತಿನಿಸಿನ ಹೆಸರಾದದ್ದು ಗಮನಾರ್ಹ. ಹೊರಗಿನಿಂದ ಬಂದ ಮನೆತನವನ್ನು ಊರು ತನ್ನದಾಗಿಸಿಕೊಂಡ ರೀತಿ ಅದು. ಗವಳಿಗರ ಎಮ್ಮೆಯ ಹಾಲು, ಅದನ್ನು ಕಾಯಿಸಿದ ಖೋವಾ, ಸಕ್ಕರೆ, ಕಂದು ಬಣ್ಣ ಬರುವವರೆಗೆ ಬಿಡದೆ ಹುರಿಯುವ ತಾಳ್ಮೆ ಇವು ಕೂಡಿದರೆ ಪೇಡೆ. ಮಾಡುವುದು ಮಿತವಾಗಿ, ಕೊಳ್ಳುವುದು ಸರದಿಯಲ್ಲಿ ನಿಂತು. ಅದೇ ಊರಿನ ಮಿಶ್ರಾ ಕುಟುಂಬ ಶಾಖೆಗಳ ಹಾದಿ ಹಿಡಿದು ಪೇಡೆಯನ್ನು ಊರೂರಿಗೆ ಮುಟ್ಟಿಸಿತು. ಎರಡೂ ಹಾದಿಗಳಿಗೆ ಅವುಗಳದೇ ನ್ಯಾಯವಿದೆ.

ಇಂಥ ಅಂಗಡಿಗಳು ನಮ್ಮಲ್ಲಷ್ಟೇ ಇಲ್ಲ. ನ್ಯೂಯಾರ್ಕಿನ ‘ಲಿಟಲ್ ಇಟಲಿ’ಯಲ್ಲಿ ವಲಸೆ ಬಂದ ಡಿ ಪಾಲೋ ಕುಟುಂಬದ ಚೀಸ್ ಅಂಗಡಿ 1925ರಿಂದ ನಡೆದುಬಂದಿದೆ. ಸುತ್ತಲಿನ ಇಟಾಲಿಯನ್ ಬಡಾವಣೆ ಮಾತ್ರ ಕುಗ್ಗಿ ಕೆಲವೇ ಬೀದಿಗಳಿಗೆ ಇಳಿದಿದೆ. ಅಲ್ಲಿ ಅಂಗಡಿ ಉಳಿಯಿತು, ಓಣಿ ಕರಗಿತು. ನಮ್ಮಲ್ಲಿ ಅನೇಕ ಕಡೆ ಓಣಿ ಉಳಿದಿದೆ, ಅಂಗಡಿ ಇಲ್ಲ.

ನಮ್ಮದೂ ಅಂಥದ್ದೇ ಒಂದು. ಅಜ್ಜ ಆರಂಭಿಸಿದ ಅಂಗಡಿಯನ್ನು ತಂದೆ ನಡೆಸಿದರು, ನಾನು ನಡೆಸಲಿಲ್ಲ. ‘ನೀನು ಓದ್ಕೋ, ಈ ಎಣ್ಣೆ ಕಾವು ನಿಂಗೆ ಬೇಡ’ ಎಂದವರು ಅವರೇ. ನಾನು ಓದಿದೆ, ಬೆಂಗಳೂರು ಸೇರಿದೆ. ಅವರ ಕೈ ಸೋತಾಗ ಬಾಗಿಲು ಮುಚ್ಚಿತು. ಅದಕ್ಕೆ ಕಾರಣ ಸೂಪರ್ ಮಾರ್ಕೆಟ್ ಎಂದು ನಾನು ಬಹುಕಾಲ ಹೇಳುತ್ತಿದ್ದೆ. ನಿಜವಾದ ಕಾರಣ ನಾನು.

2007-08ರಲ್ಲಿ ಧಾರವಾಡ ಪೇಡೆಗೆ ಭೌಗೋಳಿಕ ಗುರುತು ದೊರೆಯಿತು. 2023ರಲ್ಲಿ ನಮ್ಮ ನೆರೆಯ ಬೇಲೂರು, ಹಳೇಬೀಡುಗಳು ಸೋಮನಾಥಪುರದೊಂದಿಗೆ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಎರಡೂ ಸಂತೋಷದ ಸಂಗತಿಗಳೇ. ಆದರೆ ಭೌಗೋಳಿಕ ಗುರುತು ಹೆಸರನ್ನು ಕಾಯುತ್ತದೆ, ಪರಂಪರೆಯ ಪಟ್ಟಿ ಕಲ್ಲನ್ನು ಕಾಯುತ್ತದೆ. ಬಾಣಲೆಯ ಮುಂದೆ ನಿಲ್ಲುವವನನ್ನು ಕಾಯುವ ಪಟ್ಟಿ ಯಾವುದೂ ಇಲ್ಲ.

ಮಕ್ಕಳು ಅಪ್ಪನ ಕಸುಬನ್ನೇ ಹಿಡಿಯಬೇಕೆಂದು ನಾನು ಹೇಳಲಾರೆ. ಹುಟ್ಟಿನಿಂದ ಕಸುಬು ನಿಗದಿಯಾಗುತ್ತಿದ್ದ ಕಾಲದ ಕಹಿ ನಮಗೆ ಗೊತ್ತಿದೆ. ಆದರೆ ಹದವನ್ನು ರಕ್ತಸಂಬಂಧಕ್ಕೇ ಕಟ್ಟಿಹಾಕಬೇಕಿಲ್ಲ. ನಮ್ಮ ಅಂಗಡಿಯಲ್ಲಿ ದುಡಿಯುತ್ತಿದ್ದ ಹುಡುಗನಿಗೆ ತಂದೆ ಪಾಲು ಕೊಟ್ಟು ಕಲಿಸಿದ್ದರೆ ಅಥವಾ ಹಾಗೆ ಮಾಡಿರೆಂದು ನಾನಾದರೂ ಹೇಳಿದ್ದರೆ, ಆ ಬಾಗಿಲು ಇಂದಿಗೂ ತೆರೆದಿರುತ್ತಿತ್ತೇನೋ. ಬೇಲೂರಿಗೆ ಹೋಗುವ ಪ್ರವಾಸಿಗರು ಅರಸೀಕೆರೆಯಲ್ಲಿ ಇಳಿಯುತ್ತಾರೆ. ಅವರಿಗೆ ಈ ಊರಿನ ಕೊಬ್ಬರಿಯ ರುಚಿ ತೋರಿಸುವ ಕೈಗಳನ್ನು ಹುಡುಕಿ, ಸಂತೆಯಲ್ಲೋ ನಿಲ್ದಾಣದ ಬಳಿಯೋ ಜಾಗ ಕೊಡುವುದು ನಗರಸಭೆಗೆ ಅಸಾಧ್ಯವೇನಲ್ಲ.

ತಂದೆಯ ಹಿತ್ತಾಳೆ ಜರಡಿ ಈಗ ನನ್ನ ಬೆಂಗಳೂರಿನ ಮನೆಯ ಗೋಡೆಯ ಮೇಲಿದೆ. ಬಂದವರು ಅಂದವೆನ್ನುತ್ತಾರೆ. ಆ ಮೆಚ್ಚುಗೆ ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.