ಸೆಂಟ್ ಹೊಡೆಯುವ ಮುನ್ನ ಡಬ್ಬಿ ತಿರುವಿ ನೋಡಿ: ಬೆವರು, ಬಾಡಿ ಸ್ಪ್ರೇ ಮತ್ತು ನಮ್ಮ ‘ಗಂಡಸ್ತನ’

ಸಿಂದಗಿ: ಬೇಸಿಗೆ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಮದುವೆ, ಜಾತ್ರೆ, ಉರುಸು ಎಲ್ಲ ಇದೇ ಹೊತ್ತಿಗೆ. ಹಾಗಾಗಿ ಬಸ್ ಸ್ಟ್ಯಾಂಡ್ ಸುತ್ತಲಿನ ಫ್ಯಾನ್ಸಿ ಸ್ಟೋರ್‌ಗಳಲ್ಲಿ, ಜನರಲ್ ಸ್ಟೋರ್‌ಗಳಲ್ಲಿ ಕೂಲ್ ಡ್ರಿಂಕ್ಸ್ ಬಿಟ್ಟರೆ ಜೋರಾಗಿ ಹೋಗುವ ಮಾಲು ಅಂದರೆ ಬಾಡಿ ಸ್ಪ್ರೇ. ವಾರದ ಸಂತೆಯಲ್ಲಿ ಚಾದರ ಹಾಸಿ ನೂರು ರೂಪಾಯಿಗೆ ಎರಡು ಡಬ್ಬಿ ಕೊಡುವವರೂ ಇದ್ದಾರೆ.

“ಮೊದಲ ಹುಡುಗೂರು ತಿಂಗಳಿಗೊಂದು ಡಬ್ಬಿ ಒಯ್ತಿದ್ರು. ಈಗ ಹದಿನೈದು ದಿನಕ್ಕ ಬರ್ತಾರ. ಆದ್ರ ಬಗಲಾಗ ಉರಿ ಆಗೇತಿ ಅಂತ ಯಾರೂ ಬಾಯಿ ಬಿಡಂಗಿಲ್ಲ. ಸುಮ್ನ ಬ್ಯಾರೆ ಕಂಪನೀದು ಕೊಡ್ರಿ ಅಂತಾರ” ಎಂದರು ಒಬ್ಬ ಅಂಗಡಿಯವರು.

ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ನಾನೂ ಹಾಗೆಯೇ ಮಾಡಿದವ.

ಡಿಗ್ರಿ ಮೊದಲ ವರ್ಷದಲ್ಲಿದ್ದಾಗ ಕಾಕಾನ ಮಗನ ಮದುವೆ. ಬೆಳಿಗ್ಗೆ ಬಗಲು ಬ್ಲೇಡಿನಿಂದ ಬೋಳಿಸಿಕೊಂಡು, ಸಂತೆಯಲ್ಲಿ ತಂದಿದ್ದ ಸ್ಪ್ರೇ ಹೊಡೆದುಕೊಂಡೆ. ಅಕ್ಷತೆ ಬೀಳುವ ಹೊತ್ತಿಗೆ ಬಗಲು ಬೆಂಕಿ. ಮರುದಿನ ಕೆಂಪಗೆ ಗುಳ್ಳೆ ಎದ್ದವು. ದವಾಖಾನೆಗೆ ಹೋಗುತ್ತೇನೆ ಅಂದಾಗ ಒಬ್ಬ ಗೆಳೆಯ ನಕ್ಕ: “ಗಂಡಸಾಗಿ ಹುಟ್ಟಿ ಇಷ್ಟಕ್ಕ ಡಾಕ್ಟರ್ ಕಡೆ ಹೋಗ್ತಿಯೇನಲೇ?” ಹೋಗಲಿಲ್ಲ. ಮೂರು ವಾರ ತೋಳು ಅಗಲಿಸಿಕೊಂಡು ಓಡಾಡಿದೆ. ಕೀವು ತುಂಬಿದ ಮೇಲೆ ಅವ್ವನೇ ಕರೆದುಕೊಂಡು ಹೋದಳು. ಡಬ್ಬಿ ತಿರುವಿ ನೋಡಿದರೆ ಅದರ ಮೇಲೆ ಯಾವ ಕಂಪನಿ, ಯಾವ ಊರು ಅನ್ನುವುದೇ ಇರಲಿಲ್ಲ.

ಹಾಗಾಗಿ ಈ ಲೇಖನ. ಬೆವರು ಯಾಕೆ ನಾರುತ್ತದೆ, ಡಬ್ಬಿಯಲ್ಲಿ ಏನಿರುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ, ಒಂದೊಂದಾಗಿ ನೋಡೋಣ.

ಬೆವರಿಗೆ ವಾಸನೆ ಇಲ್ಲ!

ನಂಬಿ, ಈಗಷ್ಟೇ ಬಂದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ನಮ್ಮ ಮೈಯಲ್ಲಿ ಎರಡು ಬಗೆಯ ಬೆವರು ಗ್ರಂಥಿಗಳಿವೆ. ಒಂದು ಬಗೆ ಮೈತುಂಬ ಇರುತ್ತದೆ, ನೀರು ಮತ್ತು ಉಪ್ಪು ಹೊರಹಾಕಿ ಮೈ ತಂಪು ಮಾಡುತ್ತದೆ. ಇನ್ನೊಂದು ಬಗೆ ಬಗಲು, ತೊಡೆಸಂದಿಯಂಥ ಜಾಗದಲ್ಲಿ ಹೆಚ್ಚು. ಇವು ಕೆಲಸ ಶುರು ಮಾಡುವುದು ಹರೆಯ ಬಂದ ಮೇಲೆ. ಇವುಗಳಿಂದ ಬರುವ ದ್ರವದಲ್ಲಿ ಜಿಡ್ಡಿನ ಅಂಶ ಇರುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಒಡೆದಾಗ ಹುಟ್ಟುವುದೇ ಆ ನಾತ. ಚಿಕ್ಕ ಮಕ್ಕಳು ಎಷ್ಟು ಆಡಿ ಬೆವತರೂ ದೊಡ್ಡವರಷ್ಟು ನಾರದಿರುವುದು ಇದಕ್ಕೇ.

ಅಂದರೆ ಹೊಲದಲ್ಲಿ ದುಡಿದವನ ಬೆವರು ಹೊಲಸಲ್ಲ. ಅದು ಮೈಯ ಕೂಲರ್ ಇದ್ದಂತೆ. ಬಸ್ಸಿನಲ್ಲಿ ಕೂಲಿಯವರು ಪಕ್ಕಕ್ಕೆ ಬಂದು ಕುಂತರೆ ಮೂಗು ಮುಚ್ಚಿಕೊಳ್ಳುವವರು ಇದನ್ನು ಸ್ವಲ್ಪ ನೆನಪಿಟ್ಟರೆ ಒಳ್ಳೆಯದು.

ಡಿಯೋ ಬೇರೆ, ಆ್ಯಂಟಿಪರ್ಸ್ಪಿರಂಟ್ ಬೇರೆ, ಸೆಂಟ್ ಬೇರೆ

ನಾವು ಎಲ್ಲದಕ್ಕೂ ‘ಸೆಂಟ್’ ಅಂತೀವಿ. ಆದರೆ ಅಂಗಡಿಯಲ್ಲಿ ಸಿಗುವ ಮಾಲು ಮೂರ್ನಾಲ್ಕು ಬಗೆ.

ಡಿಯೋಡರೆಂಟ್: ಬ್ಯಾಕ್ಟೀರಿಯಾ ಕಡಿಮೆ ಮಾಡಿ, ಮೇಲೆ ಪರಿಮಳ ಸೇರಿಸುತ್ತದೆ. ಬೆವರು ನಿಲ್ಲಿಸುವುದಿಲ್ಲ.

ಆ್ಯಂಟಿಪರ್ಸ್ಪಿರಂಟ್: ಇದರಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಬೆವರಿನ ರಂಧ್ರಕ್ಕೆ ತಾತ್ಕಾಲಿಕವಾಗಿ ಬೂಚು ಹಾಕಿದ ಹಾಗೆ. ರಾತ್ರಿ ಮಲಗುವಾಗ ಒಣಗಿದ ಚರ್ಮಕ್ಕೆ ಹಚ್ಚಿದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಪರ್ಫ್ಯೂಮ್: ಆಲ್ಕೋಹಾಲ್‌ನಲ್ಲಿ ಕರಗಿಸಿದ ಸುಗಂಧ ತೈಲ. ‘ಓ ದ ಪರ್ಫಾಂ’ ಅಂತ ಬರೆದಿದ್ದರೆ ಸುಗಂಧದ ಪಾಲು ಸುಮಾರು 15ರಿಂದ 20 ಪರ್ಸೆಂಟ್, ‘ಓ ದ ತ್ವಾಲೆತ್’ ಅಂತಿದ್ದರೆ ಅದಕ್ಕಿಂತ ಕಡಿಮೆ. ಬೆಲೆ ವ್ಯತ್ಯಾಸ ಮುಖ್ಯವಾಗಿ ಇದರಿಂದ.

ಅತ್ತರು: ಆಲ್ಕೋಹಾಲ್ ಇಲ್ಲದ, ಎಣ್ಣೆಯಲ್ಲಿ ಇಳಿಸಿದ ಪರಿಮಳ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಇಂದಿಗೂ ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ, ಅದರ ಹಬೆಯನ್ನು ಗಂಧದೆಣ್ಣೆಗೆ ಇಳಿಸುವ ಹಳೆಯ ಪದ್ಧತಿ ಉಳಿದಿದೆ.

ಇಲ್ಲೊಂದು ಸಣ್ಣ ಲೆಕ್ಕ. ಅಪ್ಪಟ ಶ್ರೀಗಂಧದ ಎಣ್ಣೆ ಲೀಟರಿಗೆ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು. ಅಂದರೆ 10 ಎಂಎಲ್‌ಗೆ ಕಡಿಮೆ ಅಂದರೂ ಸಾವಿರ ರೂಪಾಯಿ. ಹಾಗಿದ್ದ ಮೇಲೆ ಐವತ್ತು ರೂಪಾಯಿಯ ಶೀಶೆಯಲ್ಲಿ ‘ಶುದ್ಧ ಗಂಧದ ಅತ್ತರು’ ಎಲ್ಲಿಂದ ಬರಬೇಕು? ಅದು ಬೇರೆ ಅಗ್ಗದ ಎಣ್ಣೆಗೆ ಬೆರೆಸಿದ ಕೃತಕ ಪರಿಮಳ. ಹಚ್ಚಬಾರದು ಅಂತಲ್ಲ, ಆದರೆ ‘ನ್ಯಾಚುರಲ್, ಏನೂ ಆಗಂಗಿಲ್ಲ’ ಅಂತ ನಂಬಬೇಡಿ.

ಸುಗಂಧ ಹೆಂಗಸರದ್ದಷ್ಟೇ ಅಂದವರಾರು?

“ಸೆಂಟ್ ಹೊಡಕೊಂಡು ಹೆಣ್ಣಮಕ್ಕಳಂಗ ಅಡ್ಡಾಡ್ತಾವು” ಅಂತ ಕಟ್ಟೆ ಮೇಲೆ ಕುಂತ ಹಿರಿಯರು ಬೈಯುತ್ತಾರೆ. ಅವರಿಗೆ ನಮ್ಮ ಜಿಲ್ಲೆಯ ಇತಿಹಾಸವನ್ನೇ ನೆನಪಿಸಬೇಕು. ವಿಜಯಪುರ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹಿಯ ಕಾಲದಲ್ಲಿ (1580ರಿಂದ 1627) ಸುಗಂಧ ತಯಾರಿಸುವ ಬಗೆ ಕುರಿತೇ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಪಾರ್ಸಿ ಗ್ರಂಥ ಬರೆಯಲಾಯಿತು. ತೊರವಿ ಹತ್ತಿರ ನೌರಸ್‌ಪುರ ಕಟ್ಟಿಸಿದ್ದು ಇದೇ ಸುಲ್ತಾನ.

ಅದಕ್ಕೂ ಹಿಂದೆ ಹೋದರೆ, ಸುಮಾರು 1025ರಲ್ಲಿ ಎರಡನೇ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ದನಕರುಗಳ ಔಷಧಿ ಜೊತೆಗೆ ಸುಗಂಧದ ವಿಷಯವೂ ಇದೆ. 12ನೇ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರಾಜನ ಸ್ನಾನ, ಮೈಗೆ ಹಚ್ಚುವ ಲೇಪನಗಳ ವಿವರ ಇದೆ. ಕತ್ತಿ ಹಿಡಿದವರೇ ಗಂಧ ಹಚ್ಚಿಕೊಂಡಿದ್ದರು. ಈಗಲೂ ಹಬ್ಬದ ದಿನ ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಳ್ಳುವ ಅಜ್ಜಂದಿರು ನಮ್ಮಲ್ಲಿ ಕಡಿಮೆ ಏನಿಲ್ಲ.

ಇನ್ನೊಂದು ಕಡೆ ಟಿವಿ ಜಾಹೀರಾತಿನವರು ಹುಡುಗರ ತಲೆಗೆ ಬೇರೆಯೇ ತುಂಬಿದರು: ಸ್ಪ್ರೇ ಹೊಡೆದರೆ ಹುಡುಗಿಯರು ಹಿಂದೆ ಬೀಳುತ್ತಾರೆ ಅಂತ. ಇದು ಎಲ್ಲಿಗೆ ಹೋಯಿತೆಂದರೆ, 2022ರ ಜೂನ್‌ನಲ್ಲಿ ಒಂದು ಬಾಡಿ ಸ್ಪ್ರೇ ಜಾಹೀರಾತು ಅತ್ಯಾಚಾರವನ್ನೇ ತಮಾಷೆ ಮಾಡಿದಂತಿದೆ ಎಂದು ದೇಶದ ತುಂಬ ಗಲಾಟೆಯಾಗಿ, ಕೇಂದ್ರ ವಾರ್ತಾ ಇಲಾಖೆ ಅದನ್ನು ಯೂಟ್ಯೂಬ್ ಮತ್ತು ಟ್ವಿಟರ್‌ನಿಂದ ತೆಗೆಸಬೇಕಾಯಿತು.

ಸೆಂಟ್ ಹೊಡೆದರೆ ಗಂಡಸಲ್ಲ ಅನ್ನುವವರೂ, ಸೆಂಟ್ ಹೊಡೆದರೇ ಗಂಡಸು ಅನ್ನುವವರೂ ಇಬ್ಬರೂ ತಪ್ಪು. ಅದು ಬರೀ ವಾಸನೆ ರೀ. ಅದರಿಂದ ಗಂಡಸ್ತನ ಬರುವುದೂ ಇಲ್ಲ, ಹೋಗುವುದೂ ಇಲ್ಲ.

ವಾಟ್ಸ್ಆ್ಯಪ್ ಹೆದರಿಕೆಗಳು: ಎಷ್ಟು ನಿಜ?

“ಅಲ್ಯೂಮಿನಿಯಂನಿಂದ ಕ್ಯಾನ್ಸರ್ ಬರುತ್ತೆ”: ಬಗಲಿಗೆ ಹಚ್ಚುವ ಆ್ಯಂಟಿಪರ್ಸ್ಪಿರಂಟ್‌ನಿಂದ ಕ್ಯಾನ್ಸರ್ ಬರುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ತಮಾಷೆ ಏನೆಂದರೆ, ಇದಕ್ಕೆ ಹೆದರಿ ‘ನ್ಯಾಚುರಲ್’ ಅಂತ ಕಟಿಂಗ್ ಶಾಪಿನ ಪಟಿಕ ಉಜ್ಜಿಕೊಳ್ಳುವವರಿದ್ದಾರೆ. ಪಟಿಕವೂ ಅಲ್ಯೂಮಿನಿಯಂ ಲವಣವೇ!

“ಸ್ಪ್ರೇಯಿಂದ ಮಕ್ಕಳಾಗಂಗಿಲ್ಲ”: ಇದು ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಪರಿಮಳ ಬಹಳ ಹೊತ್ತು ನಿಲ್ಲಲು ಥ್ಯಾಲೇಟ್ ಅನ್ನುವ ರಾಸಾಯನಿಕ ಬಳಸುವುದುಂಟು. ಈ ಗುಂಪಿನ ಕೆಲವು ರಾಸಾಯನಿಕಗಳು ಗಂಡು ಇಲಿಗಳ ಸಂತಾನ ಶಕ್ತಿಗೆ ಹಾನಿ ಮಾಡಿದ್ದು ಪ್ರಯೋಗಗಳಲ್ಲಿ ಕಂಡಿದೆ, ಅಂಥವನ್ನು ಯುರೋಪ್‌ನಲ್ಲಿ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದ್ದಾರೆ. ಆದರೆ ಸ್ಪ್ರೇ ಹೊಡೆದ ಮನುಷ್ಯನಿಗೆ ಮಕ್ಕಳಾಗುವುದಿಲ್ಲ ಎಂದು ಸಾಬೀತಾಗಿಲ್ಲ. ಬೀಡಿ ಸಿಗರೇಟಿನಿಂದ ವೀರ್ಯಾಣು ಹಾಳಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಎಷ್ಟೋ ಗಟ್ಟಿ ಆಧಾರ ಇದೆ. ಬೆರಳ ಸಂದಿಯಲ್ಲಿ ಸಿಗರೇಟು ಇಟ್ಟುಕೊಂಡು ಸ್ಪ್ರೇಗೆ ಹೆದರಿದರೆ ಏನು ಬಂತು?

“ಬೆಂಜೀನ್ ಇರುತ್ತೆ”: ಇದಕ್ಕೊಂದು ಘಟನೆ ಇದೆ. 2021ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ಕೆಲವು ಓಲ್ಡ್ ಸ್ಪೈಸ್ ಮತ್ತು ಸೀಕ್ರೆಟ್ ಸ್ಪ್ರೇಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಕ್ಯಾನ್ಸರ್ ತರಬಲ್ಲ ಬೆಂಜೀನ್ ಅವುಗಳಲ್ಲಿ ಸಿಕ್ಕಿದ್ದು ಕಾರಣ. ಸಿಕ್ಕ ಪ್ರಮಾಣದಿಂದ ತೊಂದರೆ ಆಗುವ ಸಾಧ್ಯತೆ ಇಲ್ಲ ಎಂದು ಕಂಪನಿ ಹೇಳಿತ್ತು. ದೊಡ್ಡ ಕಂಪನಿಯಾಗಿದ್ದರಿಂದ ಬ್ಯಾಚ್ ನಂಬರ್ ಹಿಡಿದು ವಾಪಸ್ ಕರೆಸಲು ಆಯಿತು. ಸಂತೆಯ ಹೆಸರಿಲ್ಲದ ಡಬ್ಬಿಯಲ್ಲಿ ಏನಾದರೂ ಸಿಕ್ಕರೆ ಯಾರನ್ನು ಹಿಡಿಯೋದು?

ನಿಜವಾಗಿ ಹೆದರಬೇಕಾದದ್ದು

ಒಂದು, ಚರ್ಮದ ಅಲರ್ಜಿ. ಡಬ್ಬಿ ಮೇಲೆ ‘ಪರ್ಫ್ಯೂಮ್’ ಅಂತ ಒಂದೇ ಪದ ಇದ್ದರೂ ಅದರೊಳಗೆ ಹತ್ತಾರು ರಾಸಾಯನಿಕ ಇರಬಹುದು. ಹೊಸದು ತಂದಾಗ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಬೋಳಿಸಿಕೊಂಡ ದಿನವೇ ಬಗಲಿಗೆ ಹೊಡೆಯಲೇಬೇಡಿ. ನಿಂಬೆ ಜಾತಿಯ ಕೆಲವು ತೈಲಗಳಿರುವ ಸೆಂಟನ್ನು ಕುತ್ತಿಗೆಗೆ ಹಚ್ಚಿ ಬಿಸಿಲಿಗೆ ಹೋದರೆ ಕಪ್ಪು ಕಲೆ ಬೀಳಬಹುದು, ಅಂಗಿಗೆ ಹಚ್ಚುವುದು ಲೇಸು.

ಎರಡು, ಬೆಂಕಿ. ಸ್ಪ್ರೇ ಹೊರಗೆ ತಳ್ಳಲು ಹೆಚ್ಚಿನ ಡಬ್ಬಿಗಳಲ್ಲಿ ಬಳಸುವುದು ಬ್ಯೂಟೇನ್, ಪ್ರೊಪೇನ್. ಅಂದರೆ ಅಡುಗೆ ಸಿಲಿಂಡರಿನ ಗ್ಯಾಸೇ. 50 ಡಿಗ್ರಿಗಿಂತ ಹೆಚ್ಚು ಬಿಸಿ ತಾಗಿಸಬೇಡಿ ಎಂದು ಡಬ್ಬಿ ಮೇಲೇ ಬರೆದಿರುತ್ತದೆ. ನಮ್ಮ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅಷ್ಟು ಬಿಸಿ ಆಗಲು ಬಹಳ ಹೊತ್ತು ಬೇಡ. ಡ್ಯಾಶ್‌ಬೋರ್ಡ್ ಮೇಲೆ ಡಬ್ಬಿ ಇಡುವ ಟಂಟಂ, ಕಾರು ಚಾಲಕರು ಗಮನಿಸಿ. ಹುಡುಗರು ಮೋಜಿಗೆ ಸ್ಪ್ರೇ ಮುಂದೆ ಕಡ್ಡಿ ಗೀರುವುದು, ನಶೆಗೆ ಅದರ ಗ್ಯಾಸ್ ಎಳೆಯುವುದು ಎರಡೂ ಪ್ರಾಣಕ್ಕೇ ಅಪಾಯ. ಗ್ಯಾಸ್ ಎಳೆದರೆ ಹೃದಯ ಅಲ್ಲೇ ನಿಲ್ಲಬಹುದು.

ಮೂರು, ರೋಗ ಮುಚ್ಚಿಡುವುದು. ಇದೇ ಎಲ್ಲಕ್ಕಿಂತ ದೊಡ್ಡದು. ಬಗಲು, ತೊಡೆಸಂದಿಯಲ್ಲಿ ಗಜಕರ್ಣ ಆದರೆ ನಮ್ಮ ಗಂಡಸರು ಏನು ಮಾಡುತ್ತಾರೆ? ಮೇಲೆ ಪೌಡರ್, ಸ್ಪ್ರೇ. ಕೆರೆತ ತಡೆಯದಾದಾಗ ಮೆಡಿಕಲ್‌ಗೆ ಹೋಗಿ ಸಣ್ಣ ದನಿಯಲ್ಲಿ “ಆ ಟ್ಯೂಬ್ ಕೊಡ್ರಿ”. ಅಂಥ ಹಲವು ಟ್ಯೂಬ್‌ಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಹಚ್ಚಿದಾಗ ಎರಡು ದಿನ ಆರಾಮ, ಬಿಟ್ಟಾಗ ಇಮ್ಮಡಿ ಹರಡುತ್ತದೆ. ಚರ್ಮ ತೆಳ್ಳಗಾಗುತ್ತದೆ, ಮನೆಮಂದಿಗೂ ಅಂಟುತ್ತದೆ.

ಬಿಸಿಲಿಲ್ಲದಿದ್ದರೂ ಕೈ ತೊಯ್ಯುವಷ್ಟು ಬೆವರು, ತೂಕ ಇಳಿಯುತ್ತಾ ಎದೆ ಬಡಿತ ಹೆಚ್ಚುವುದು ಥೈರಾಯ್ಡ್ ಲಕ್ಷಣ ಇರಬಹುದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ರಾತ್ರಿ ಮೈ ತೊಯ್ಯುವ ಬೆವರು, ಸಂಜೆ ಜ್ವರ ಇದ್ದರೆ ಟಿಬಿ ತಪಾಸಣೆ ಮಾಡಿಸಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಶುಗರ್ ಇದ್ದವರ ಉಸಿರು ಕೊಳೆತ ಹಣ್ಣಿನ ಹಾಗೆ ನಾರಿ, ವಾಂತಿ, ಸುಸ್ತು ಬಂದರೆ ಅದು ತುರ್ತು, ತಡ ಮಾಡಬೇಡಿ. ಇವ್ಯಾವಕ್ಕೂ ಸ್ಪ್ರೇ ಮದ್ದಲ್ಲ.

ಅಂಗಡಿಯವರ ಗಮನಕ್ಕೆ

ಬಾಡಿ ಸ್ಪ್ರೇ, ಸೆಂಟ್ ಎಲ್ಲ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 2020ರ ಸೌಂದರ್ಯವರ್ಧಕ ನಿಯಮಗಳ ಕೆಳಗೆ ಬರುತ್ತವೆ. ಡಬ್ಬಿ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಬಳಕೆಯ ಅವಧಿ, ಬಳಸಿದ ಪದಾರ್ಥಗಳ ಪಟ್ಟಿ ಇರಬೇಕು. ಎಂಆರ್‌ಪಿ ಕೂಡ ಕಡ್ಡಾಯ. ವಿದೇಶಿ ಮಾಲಾದರೆ ಆಮದುದಾರರ ಹೆಸರು ಇರಬೇಕು.

ನಕಲಿ ಮಾಲು ಮಾರುವುದು ಅಪರಾಧ. ಅಧಿಕಾರಿಗಳು ಕೇಳಿದರೆ ಯಾರಿಂದ ತಂದಿರಿ ಎಂದು ಹೇಳಲೇಬೇಕು. ಅಧಿಕೃತ ಡೀಲರ್‌ನಿಂದ ತಂದಿದ್ದು, ನಕಲಿ ಎಂದು ಗೊತ್ತಿರಲಿಲ್ಲ, ಸರಿಯಾಗಿ ಇಟ್ಟಿದ್ದೆ ಎಂದು ತೋರಿಸಿದರೆ ಕಾನೂನು ನಿಮ್ಮ ಕಡೆ ನಿಲ್ಲುತ್ತದೆ. ಆದರೆ ತೋರಿಸೋಕೆ ಬಿಲ್ ಬೇಕಲ್ಲ? ಬೈಕ್ ಮೇಲೆ ಚೀಲ ತುಂಬಿಕೊಂಡು ಬಂದವನ ಹತ್ತಿರ ಬಿಲ್ ಇಲ್ಲದೆ ಕೊಂಡರೆ ಕೊನೆಗೆ ಸಿಕ್ಕಿಬೀಳುವವರು ನೀವೇ. ಡಬ್ಬಿಗಳನ್ನು ಬಿಸಿಲು ಬೀಳುವ ಗಾಜಿನ ಹಿಂದೆ, ಚಹಾದ ಸ್ಟೋವ್ ಪಕ್ಕ ಜೋಡಿಸಬೇಡಿ.

ಗ್ರಾಹಕರಿಗೆ ಮೋಸ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ ಮತ್ತು ಡಬ್ಬಿಯ ಫೋಟೊ ಇಟ್ಟುಕೊಂಡಿರಿ.

ಕೊನೆಗೆ ಅಗ್ಗದ ಮದ್ದು

ದಿನಾ ಬಗಲಿಗೆ ಸಾಬಾನ ಹಚ್ಚಿ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ. ಬನಿಯನ್ ದಿನಾ ಬದಲಿಸಿ. ಬೇಸಿಗೆಯಲ್ಲಿ ಪಾಲಿಯೆಸ್ಟರ್ ಟಿ-ಶರ್ಟ್ ಬಿಟ್ಟು ಹತ್ತಿ ಅಂಗಿ ಹಾಕಿ, ಪಾಲಿಯೆಸ್ಟರ್ ನಾತ ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟು ಮಾಡಿದ ಮೇಲೆ ಸ್ಪ್ರೇ ಬೇಕೆನಿಸಿದರೆ ಒಂದು ಗೇಣು ದೂರದಿಂದ ಒಮ್ಮೆ ಹೊಡೆದರೆ ಸಾಕು. ತುಂಬಿದ ಬಸ್ಸಿನಲ್ಲಿ ಅಂತೂ ಬೇಡವೇ ಬೇಡ, ಪಕ್ಕದಲ್ಲಿ ಅಸ್ತಮಾ ಇದ್ದವರು ಕುಂತಿರಬಹುದು.

ಉರಿ, ಗುಳ್ಳೆ, ಕೆರೆತ ಬಂದರೆ ಡಬ್ಬಿ ಬದಲಿಸಬೇಡಿ, ಡಾಕ್ಟರ್‌ಗೆ ತೋರಿಸಿ. ಯಾರಾದರೂ “ಗಂಡಸಾಗಿ ಇಷ್ಟಕ್ಕ ಹೋಗ್ತಿಯೇನೊ” ಅಂದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರ ಬಗಲಿನಲ್ಲೂ ಏನೋ ಇರಬಹುದು.