ಒಂದೇ ಹಣಕ್ಕೆ ಎರಡು ಸಲ ತೆರಿಗೆ ಬೇಡ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತು, ಮುಂದೆ ಓದಿ, ಇಂದು ಅಮೆರಿಕದಲ್ಲಿ ದುಡಿಯುತ್ತಿರುವವರು ಹಲವರಿದ್ದಾರೆ. ಅಲ್ಲಿನ ದುಡಿಮೆಗಾರರು ಮುಪ್ಪಿನ ಕಾಲಕ್ಕೆಂದು ಹಣ ಕೂಡಿಡುವ ಮಾರ್ಗಗಳಲ್ಲಿ ವೈಯಕ್ತಿಕ ನಿವೃತ್ತಿ ಖಾತೆ, ಅಂದರೆ ಐಆರ್‌ಎ, ಮುಖ್ಯವಾದುದು. ಈ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸಿದ ಸಂಗತಿಯನ್ನು ತೆರಿಗೆ ರಿಟರ್ನಿನಲ್ಲಿ ಸರಿಯಾಗಿ ಬರೆಯದಿದ್ದರೆ ಒಂದೇ ಹಣಕ್ಕೆ ಎರಡು ಸಲ ತೆರಿಗೆ ತೆರಬೇಕಾದೀತು.

ಐಆರ್‌ಎಯಲ್ಲಿ ಎರಡು ಬಗೆಗಳಿವೆ. ಸಾಂಪ್ರದಾಯಿಕ ಖಾತೆಗೆ ಕಟ್ಟಿದ ಹಣಕ್ಕೆ ಅರ್ಹರು ಆ ವರ್ಷ ವಿನಾಯಿತಿ ಪಡೆಯಬಹುದು. ತೆರಿಗೆ ಬೀಳುವುದು ಹಣ ತೆಗೆಯುವಾಗ. ರಾತ್ ಖಾತೆಯಲ್ಲಿ ತೆರಿಗೆ ತೆತ್ತ ಹಣವನ್ನೇ ಇಡಬೇಕು. ನಿಯಮದಂತೆ ತೆಗೆದರೆ ಗಳಿಕೆಯೂ ತೆರಿಗೆಮುಕ್ತ. 1997ರ ಕಾಯ್ದೆಯಿಂದ ಹುಟ್ಟಿ 1998ರಲ್ಲಿ ಜಾರಿಗೆ ಬಂದ ಈ ಖಾತೆಗೆ ಸೆನೆಟರ್ ವಿಲಿಯಂ ರಾತ್ ಅವರ ಹೆಸರಿದೆ.

ಸಾಂಪ್ರದಾಯಿಕ ಖಾತೆಯ ಹಣವನ್ನು ರಾತ್‌ಗೆ ಸಾಗಿಸುವುದು ಪರಿವರ್ತನೆ. ಹಿಂದೆ ತೆರಿಗೆ ತೆರದ ಭಾಗವೆಲ್ಲ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಇದನ್ನು ತೋರಿಸುವುದು ನಮೂನೆ 8606ರಲ್ಲಿ. ಒಂದು ಉದಾಹರಣೆ ನೋಡಬಹುದು. ಒಬ್ಬರ ಸಾಂಪ್ರದಾಯಿಕ ಖಾತೆಗಳಲ್ಲಿ ಒಟ್ಟು 70,000 ಡಾಲರ್ ಇದ್ದು, ಅದರಲ್ಲಿ 7,000 ಮಾತ್ರ ವಿನಾಯಿತಿ ಪಡೆಯದೆ ಕಟ್ಟಿದ ಹಣವೆನ್ನೋಣ. ಅವರು 7,000 ಡಾಲರನ್ನು ಪರಿವರ್ತಿಸಿದರೆ, ‘ತೆರಿಗೆ ತೆತ್ತ ಹಣವನ್ನಷ್ಟೇ ಸಾಗಿಸಿದೆ’ ಎನ್ನಲು ಕಾನೂನು ಬಿಡುವುದಿಲ್ಲ. ಎಲ್ಲ ಖಾತೆಗಳನ್ನೂ ಒಂದಾಗಿ ಎಣಿಸಿದಾಗ ತೆರಿಗೆಮುಕ್ತವಾಗುವುದು ಹತ್ತನೆಯ ಒಂದು ಪಾಲು, ಅಂದರೆ 700 ಡಾಲರ್. ಉಳಿದ 6,300 ಡಾಲರ್ ಆದಾಯ. ತೆರಿಗೆ ತೆತ್ತ ಹಣದಲ್ಲಿ ಬಾಕಿಯಾದ 6,300 ಡಾಲರಿನ ಲೆಕ್ಕ ಮುಂದಿನ ವರ್ಷಗಳಿಗೆ ಸಾಗಬೇಕು. ಅದನ್ನು ಸಾಗಿಸುವ ದಾಖಲೆ ಈ ನಮೂನೆಯೇ.

ಮರುವರ್ಗೀಕರಣ ಬೇರೆಯ ಸಂಗತಿ. ಇಲ್ಲಿ ಒಂದು ಬಗೆಯ ಖಾತೆಗೆ ಕಟ್ಟಿದ ವಂತಿಗೆಯನ್ನು, ಮೊದಲಿನಿಂದಲೂ ಇನ್ನೊಂದು ಬಗೆಗೇ ಕಟ್ಟಿದಂತೆ ಕಾನೂನು ಪರಿಗಣಿಸುತ್ತದೆ. 2025ರಲ್ಲಿ ಅವಿವಾಹಿತರ ಆದಾಯ 1,65,000 ಡಾಲರ್ ಮುಟ್ಟಿದರೆ ರಾತ್‌ಗೆ ನೇರವಾಗಿ ಕಟ್ಟುವಂತಿಲ್ಲ. ಅರಿಯದೆ ಕಟ್ಟಿದವರು ಆ ವಂತಿಗೆಯನ್ನು ಗಳಿಕೆಸಹಿತ ಸಾಂಪ್ರದಾಯಿಕ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ಸಕಾಲದಲ್ಲಿ ರಿಟರ್ನ್ ಸಲ್ಲಿಸಿದವರಿಗೆ ಮರುವರ್ಷದ ಅಕ್ಟೋಬರ್ 15ರ ವರೆಗೆ ಅವಕಾಶವಿದೆ. ನಡೆದುದನ್ನು ವಿವರಿಸುವ ಹೇಳಿಕೆಯನ್ನು ರಿಟರ್ನಿಗೆ ಲಗತ್ತಿಸಬೇಕು. ತಪ್ಪನ್ನು ಸರಿಪಡಿಸದೆ ಬಿಟ್ಟರೆ, ಹೆಚ್ಚುವರಿ ಹಣ ಖಾತೆಯಲ್ಲಿರುವಷ್ಟು ವರ್ಷವೂ ಶೇಕಡಾ 6ರ ದಂಡತೆರಿಗೆ ಬೀಳುತ್ತದೆ.

ಹಿಂದೆ ಪರಿವರ್ತನೆಯನ್ನೂ ಹೀಗೆ ರದ್ದುಪಡಿಸಬಹುದಿತ್ತು. 2017ರ ತೆರಿಗೆ ಕಾಯ್ದೆ ಆ ದಾರಿಯನ್ನು ಮುಚ್ಚಿತು. 2018ರಿಂದೀಚೆಗೆ ಪರಿವರ್ತನೆ ಮಾಡಿದ ಮೇಲೆ ಹಿಂದಿರುಗುವಂತಿಲ್ಲ. ಆದಕಾರಣ ಬೀಳಲಿರುವ ತೆರಿಗೆಯನ್ನು ಮೊದಲೇ ಲೆಕ್ಕ ಹಾಕುವುದು ಲೇಸು.

ಖಾತೆ ನಡೆಸುವ ಸಂಸ್ಥೆ ಕಳುಹಿಸುವ 1099-ಆರ್ ಪತ್ರವನ್ನೇ ನೆಚ್ಚಿಕೊಂಡರೆ ಸಾಲದು. ಪರಿವರ್ತನೆಯಾದಾಗ ಅದು ಸಾಮಾನ್ಯವಾಗಿ ಪೂರ್ಣ ಮೊತ್ತವನ್ನು ತೋರಿಸಿ, ತೆರಿಗೆಗೆ ಒಳಪಡುವ ಭಾಗ ನಿರ್ಧಾರವಾಗಿಲ್ಲವೆಂಬ ಗುರುತನ್ನಷ್ಟೇ ಹಾಕಿರುತ್ತದೆ. ನಿರ್ಧರಿಸಿ ತೋರಿಸುವ ಹೊಣೆ ತೆರಿಗೆದಾರರದು. ಶಾಲೆ ಬದಲಿಸುವ ಮಗುವಿಗೆ ವರ್ಗಾವಣೆ ಪತ್ರ ಹೇಗೋ, ಖಾತೆ ಬದಲಿಸುವ ಹಣಕ್ಕೆ ನಮೂನೆ 8606 ಹಾಗೆ. ಅಗತ್ಯವಿದ್ದಾಗ ಅದನ್ನು ಸಲ್ಲಿಸದಿದ್ದರೆ ದಂಡ 50 ಡಾಲರ್ ಮಾತ್ರ. ಆದರೆ ತೆರಿಗೆ ತೆತ್ತ ಹಣದ ಪುರಾವೆ ಕಳೆದುಹೋದರೆ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು.

ಈ ಮಾತು ಊರಿನಲ್ಲಿರುವ ಹಿರಿಯರಿಗೂ ಸಂಬಂಧಿಸಿದುದು. ಇಂತಹ ಖಾತೆಗೆ ವಾರಸುದಾರರಾಗಿ ತಂದೆತಾಯಿಯರ ಹೆಸರಿದ್ದರೆ, ತೆರಿಗೆ ತೆತ್ತ ಭಾಗದ ಹಕ್ಕೂ ಖಾತೆಯೊಡನೆ ಅವರಿಗೆ ಬರುತ್ತದೆ. ಅದನ್ನು ತೋರಿಸಿಕೊಡುವುದು ಹಳೆಯ ನಮೂನೆಗಳೇ. ಹಬ್ಬಕ್ಕೋ ರಜೆಗೋ ಬಂದ ಮಕ್ಕಳೊಡನೆ ಆ ಕಾಗದಗಳ ಪ್ರತಿ ಎಲ್ಲಿದೆಯೆಂದು ವಿಚಾರಿಸಿ, ಒಂದು ಪ್ರತಿಯನ್ನು ಮನೆಯಲ್ಲಿ ಜೋಪಾನವಾಗಿರಿಸುವುದು ಉಚಿತ.