ಒಡೆಯಲೆಂದೇ ಮಾಡಿದ ಗಲ್ಲಾ

ಮಣ್ಣಿನ ಗಲ್ಲಾ ಕೊಳ್ಳುವಾಗ ಮೊದಲು ಬೆರಳಿನಿಂದ ತಟ್ಟಿ ನೋಡಬೇಕು. ಠಣ್ ಎಂದರೆ ಚೆನ್ನಾಗಿ ಬೆಂದಿದೆ. ಬೊದ್ ಎಂದರೆ ಎಲ್ಲೋ ಬಿರುಕು ಬಿಟ್ಟಿದೆ. ಜಾತ್ರೆಯಲ್ಲಿ ಗೋಣಿಚೀಲ ಹಾಸಿ ಕೂತ ಅವ್ವನೇ ತಟ್ಟಿ ತೋರಿಸುತ್ತಾಳೆ: "ಕೇಳ ತಮ್ಮಾ, ಹೆಂಗ ಕಂಚಿನಂಗ ಮಾತಾಡ್ತದ!" ಹಾಗೆ ತಟ್ಟಿಸಿ ತಂದ ಗಲ್ಲಾಗಳು ನನ್ನ ಕಪಾಟಿನ ಎರಡು ಹಲಗೆ ತುಂಬಿವೆ. ಪೇಟೆಯವರು ಹುಂಡಿ ಎನ್ನುವುದೂ ಇದನ್ನೇ.

ಇವೆಲ್ಲ ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯವು. ಆ ಮೂರನ್ನೂ ನೀರು ಪೋಣಿಸಿದೆ. ಆಳಂದ ಸೀಮೆಯ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿ ಸೀಮೆಗೆ ಇಳಿಯುತ್ತಾಳೆ. ಈ ಕಡೆಯ ಎರಿಮಣ್ಣು ಜೋಳ ತೊಗರಿಗೆ ಬಂಗಾರ, ಮಡಕೆಗೆ ಕಷ್ಟ. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಸೀಳುತ್ತದೆ. ಅದಕ್ಕೇ ಕುಂಬಾರರು ಕೆರೆಯ ಗೋಡು ಹುಡುಕುತ್ತಾರೆ, ಉಸುಕು ಬೂದಿ ಬೆರೆಸಿ ತುಳಿದು ಹದ ಮಾಡುತ್ತಾರೆ.

ತಿಗರಿಯ ಮೇಲೆ ಮಡಕೆಯ ಬಾಯಿ ಬಿಡಿಸುವುದು ಅವರ ನಿತ್ಯದ ಕೆಲಸ. ಗಲ್ಲಾ ಮಾಡುವಾಗ ಬಾಯಿ ಮುಚ್ಚಬೇಕು. ಗೋಡೆಯನ್ನು ಮೇಲೆತ್ತುತ್ತ, ಒಳಕ್ಕೆ ಬಾಗಿಸುತ್ತ, ಕೊನೆಗೆ ಎರಡು ಬೆರಳ ನಡುವೆ ಹಿಚುಕಿ ಮೊಗ್ಗಿನಂತೆ ಕಟ್ಟುತ್ತಾರೆ. ಆ ಕ್ಷಣದಿಂದ ಒಳಗೆ ಸಿಕ್ಕಿಬಿದ್ದ ಗಾಳಿಯೇ ಹಸಿಮಣ್ಣನ್ನು ಕುಸಿಯದಂತೆ ಹಿಡಿದಿರುತ್ತದೆ. ಅರೆ ಒಣಗಿದ ಮೇಲೆ ಚೂರಿಯಿಂದ ಸೀಳು ಕೊಯ್ಯುತ್ತಾರೆ. ಸೀಳು ಇರುವುದು ನಾಣ್ಯಕ್ಕೆ ಎಂದಷ್ಟೇ ಬಹಳ ದಿನ ತಿಳಿದಿದ್ದೆ. ಅದಿಲ್ಲದಿದ್ದರೆ ಆವಿಗೆಯ ಬೆಂಕಿಯಲ್ಲಿ ಮಣ್ಣಿನ ಪಸೆ ಹಬೆಯಾಗಿ, ಹೊರಬರಲು ದಾರಿ ಸಿಗದೆ ಗಲ್ಲಾ ಸಿಡಿಯಬಹುದು. ರೊಕ್ಕ ಹೋಗುವ ದಾರಿಯಲ್ಲೇ ಮೊದಲು ಉಸಿರು ಹೊರಬಂದಿರುತ್ತದೆ.

ಒಳಗೆ ಹೋದದ್ದನ್ನು ಮರಳಿ ತೆಗೆಯಲು ಬಾಗಿಲಿಲ್ಲ. ತಲೆಕೆಳಗು ಮಾಡಿ ಕಸಬರಿಗೆ ಕಡ್ಡಿ ತೂರಿಸಿ ಒಂದೊಂದೇ ಆಠಾಣೆ ಜಾರಿಸುವ ವಿದ್ಯೆ ನಮ್ಮ ಓಣಿಯ ಮಕ್ಕಳಿಗೆಲ್ಲ ಬರುತ್ತಿತ್ತು. ಆದರೂ ಕೊನೆಗೆ ಒಡೆಯಲೇಬೇಕು. ಹಿಂದೆ ಈ ಸೀಮೆಯ ಗಲ್ಲಾ ಒಡೆದರೆ ಎರಡು ಸರಕಾರಗಳ ರೊಕ್ಕ ಉರುಳಬಹುದಿತ್ತು. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ರಾಜ್ಯ. ಚಾರ್‌ಮಿನಾರ್ ಮುದ್ರೆಯ ಹಾಲಿ ಸಿಕ್ಕಾ ಇಲ್ಲಿಯದು, ಬ್ರಿಟಿಷರ ಕಲ್ದಾರ್ ಗಡಿಯಾಚೆಯದು. ಲೆಕ್ಕ 7 ಹಾಲಿಗೆ 6 ಕಲ್ದಾರ್. ಹಾಲಿ ಸಿಕ್ಕಾ 1959ರಲ್ಲಿ ಚಲಾವಣೆಯಿಂದ ಹೊರಬಿತ್ತು. ಇತ್ತೀಚೆಗೆ 10 ರೂಪಾಯಿ ನಾಣ್ಯವನ್ನೂ ನಮ್ಮ ಕಡೆಯ ಅಂಗಡಿಗಳು ಬೇಡವೆಂದವು. ಎಲ್ಲ 14 ವಿನ್ಯಾಸಗಳೂ ನಡೆಯುತ್ತವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿದ ಮೇಲೂ ಅನುಮಾನ ಹೋಗಲಿಲ್ಲ. ಆ ನಾಣ್ಯಗಳೆಲ್ಲ ಮಕ್ಕಳ ಗಲ್ಲಾ ಸೇರಿದವು.

ಗಾಣಗಾಪುರದ ದತ್ತ ಜಯಂತಿಗೆ ಹೋದರೂ ಅಷ್ಟೆ, ಹೋಳಿಯ ನಂತರದ ಕಲಬುರಗಿ ಅಪ್ಪನ ಜಾತ್ರೆಗೆ ಹೋದರೂ ಅಷ್ಟೆ, ನಾನು ಮೊದಲು ಹುಡುಕುವುದು ಮಡಕೆ ಹರಡಿದ ಮೂಲೆಯನ್ನು. (ಆ ಅಪ್ಪ, ಶರಣಬಸವೇಶ್ವರರು, ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯವರು.) ಈಗ ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಗಲ್ಲಾಗಳ ಸಾಲು: ಬಾಯಿ ತೆರೆದ ಡೈನೋಸಾರ್, ಗಾಡ್ಜಿಲ್ಲಾನ ತಮ್ಮನಂತಿರುವ ಹಸಿರು ಭೂತ, ಬೆನ್ನ ಮೇಲೆ ಸೀಳು, ಹೊಟ್ಟೆಯಡಿ ಬಿರಡೆ. 1954ರಲ್ಲಿ ಜಪಾನಿನ ತೋಹೋ ಕಂಪನಿಯ ಸಿನಿಮಾದಲ್ಲಿ ಹುಟ್ಟಿದ ಆ ಪ್ರಾಣಿಯ ಗೊಂಬೆಗಳನ್ನು ಜಗತ್ತಿನಾದ್ಯಂತ ಜತನದಿಂದ ಕೂಡಿಡುವವರಿದ್ದಾರೆ. ಅಮೆರಿಕದ ಎರಕದ ಕಬ್ಬಿಣದ ಗಲ್ಲಾಗಳಿಗೂ ಅಂಥದೇ ಮರ್ಯಾದೆ. ಕ್ರಾಮ್‌ವೆಲ್ ಊರಿನ ಸ್ಟೀವನ್ಸ್ ಕಾರ್ಖಾನೆ 1869ರಲ್ಲಿ ಮಾಡಿದ್ದರಲ್ಲಿ ಪುಟ್ಟ ಮನೆಯ ಬಾಗಿಲ ಗುಂಡಿ ಎಳೆದರೆ ಮಾಳಿಗೆ ತೆರೆದು ಗುಮಾಸ್ತ ಮೇಲೇಳುತ್ತಾನೆ. ಕಬ್ಬಿಣ ಉಳಿಯಿತು, ಕೂಡಿಡುವವರಿಗೆ ಸಿಕ್ಕಿತು.

ನಮ್ಮ ಮಣ್ಣಿನವು ಉಳಿಯಲು ಹುಟ್ಟಿದವಲ್ಲ. ಆ ಹಸಿರು ಭೂತದಂತೆ ನಮ್ಮಲ್ಲೂ ಉಬ್ಬುಗಣ್ಣಿನ ಮಣ್ಣಿನ ಜೋಕುಮಾರನಿದ್ದಾನೆ. ಭಾದ್ರಪದದಲ್ಲಿ ಕುಂಬಾರರ ಮನೆಯಲ್ಲಿ ಹುಟ್ಟಿ, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು, ಬುಟ್ಟಿಯಲ್ಲಿ ಮನೆಮನೆ ತಿರುಗಿ, ಹುಣ್ಣಿಮೆಗೆ ಒನಕೆ ಪೆಟ್ಟು ತಿಂದು ಸಾಯುತ್ತಾನೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ನೀರಲ್ಲಿ ಕರಗುತ್ತವೆ. ಗಲ್ಲಾ ಆ ಮನೆತನದ್ದೇ. ಇಂಡೋನೇಷ್ಯಾದ ತ್ರೊವುಲಾನ್‌ನಲ್ಲಿ ಸಿಕ್ಕ ಮಜಪಾಹಿತ್ ಕಾಲದ ಹಂದಿ ಆಕಾರದ ಮಣ್ಣಿನ ಗಲ್ಲಾಗಳೂ ಬಹುಪಾಲು ಚೂರುಗಳಾಗಿಯೇ ದೊರೆತವು.

ಆದ್ದರಿಂದ ನಾನು ಮಾಡುತ್ತಿರುವುದು ಗಲ್ಲಾದ ಧರ್ಮಕ್ಕೆ ಎದುರಾದ ಕೆಲಸವೆಂದು ಗೊತ್ತು. ಆದರೂ ಯಾರಾದರೂ ನಾಲ್ಕನ್ನಾದರೂ ಇಡಲೇಬೇಕು ಅನ್ನಿಸುತ್ತದೆ. ಬಿರಡೆಯ ಪ್ಲಾಸ್ಟಿಕ್ ಬಂದ ಮೇಲೆ ಒಡೆಯುವವರು ಕಡಿಮೆ. ಒಡೆಯದಿದ್ದರೆ ಮರುವರ್ಷ ಕೊಳ್ಳುವವರೂ ಇಲ್ಲ, ಮಾಡುವ ಕೈಯೂ ನಿಲ್ಲುತ್ತದೆ. ಅದಕ್ಕೇ ಪ್ರತಿ ಸಲ ಎರಡು ತರುತ್ತೇನೆ, ಒಂದು ಕಪಾಟಿಗೆ, ಒಂದು ಮನೆಯ ಮಕ್ಕಳ ಕೈಗೆ.

ಕಪಾಟಿನ ಎಲ್ಲಕ್ಕಿಂತ ಹಳೆಯದರ ಸೀಳು ಚಾರಾಣೆಗೆಂದು ಕೊಯ್ದದ್ದು. ಸ್ಟೀಲಿನ ಚಾರಾಣೆ 19 ಮಿಲಿಮೀಟರ್ ಅಗಲ, ಸರಾಗ ಇಳಿಯುತ್ತದೆ. 27 ಮಿಲಿಮೀಟರಿನ 20 ರೂಪಾಯಿ ನಾಣ್ಯ ಅಂಚಿಗೇ ನಿಲ್ಲುತ್ತದೆ. ಈ ವರ್ಷ ತಂದದ್ದರ ಸೀಳು ನನ್ನ ಹೆಬ್ಬೆರಳಿಗಿಂತ ಅಗಲವಿದೆ. ಅದನ್ನು ಮಾರಿದ ಅವ್ವ ಅಳತೆಗೆ 20ರ ನಾಣ್ಯವೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು.